ಮೋಟಾರ್‌ಹೋಮ್‌ನ ನೀರಿನ ಟ್ಯಾಂಕಿಗೆ ಯಾವ ಆಧಾರ? ಪಟ್ಟಿ, ಆ್ಯಂಗಲ್, ಚೌಕ ಪೈಪುಗಳ ಹೋಲಿಕೆ

ವಾಹನದ ಅಡಿಯಲ್ಲಿ ರಟ್ಟು ಹಾಸಿಕೊಂಡು ಅಂಗಾತ ಮಲಗಿ ಟಾರ್ಚ್ ಬಿಟ್ಟಾಗ ನನಗೆ ಮೊದಲು ಕಂಡದ್ದು ಟ್ಯಾಂಕಲ್ಲ, ಒಂದು ತಿರುಪು. ಅದು ತನ್ನ ರಂಧ್ರದಿಂದ ಅರ್ಧ ಇಂಚು ಕೆಳಗೆ ಜಾರಿ ನಿಂತಿತ್ತು; ಅದರ ಸುತ್ತ ಕಾಫಿಪುಡಿಯಂತೆ ಕಪ್ಪಗಾದ ಮರದ ಪುಡಿ ಅಂಟಿಕೊಂಡಿತ್ತು. ಆ ತಿರುಪು ಹಿಡಿದಿರಬೇಕಾಗಿದ್ದ ಕಬ್ಬಿಣದ ಆ್ಯಂಗಲ್ (ಎಲ್ ಆಕಾರದ ಸರಳು) ನಡುವೆ ಬಾಗಿದ್ದಷ್ಟೇ ಅಲ್ಲದೆ ಒಂದು ಬದಿಗೆ ತಿರುಚಿಕೊಂಡಿತ್ತು, ಮತ್ತು ಅದರ ಮೇಲೆ ಕುಳಿತಿದ್ದ ಕುಡಿಯುವ ನೀರಿನ ಟ್ಯಾಂಕಿನ ಹೊಟ್ಟೆ ಎರಡು ಆ್ಯಂಗಲ್‌ಗಳ ನಡುವೆ ಜೋತುಬಿದ್ದಿತ್ತು. ನಾವು ಅರಿಜೋನಾದಲ್ಲಿ ಸೆಕೆಂಡ್‌ಹ್ಯಾಂಡ್ ಆಗಿ ಕೊಂಡ ಆ ಮೋಟಾರ್‌ಹೋಮ್ (ಮನೆಯಂತೆ ವಾಸಿಸಬಹುದಾದ ವಾಹನ) ತುಂಬಿದ ಟ್ಯಾಂಕಿನೊಡನೆ ಮೂವತ್ತು ಕಿಲೋಮೀಟರ್ ಜಲ್ಲಿ ರಸ್ತೆ ದಾಟಿ ಬಂದಿತ್ತು. ಇನ್ನೊಂದು ದೊಡ್ಡ ಗುಂಡಿ ಸಿಕ್ಕಿದ್ದರೆ ಟ್ಯಾಂಕು ರಸ್ತೆಯ ಮೇಲೆ ಬೀಳುತ್ತಿತ್ತು, ಹಿಂದೆ ಬರುತ್ತಿದ್ದವರ ಗತಿ ಏನಾಗುತ್ತಿತ್ತೋ ಎಂದು ಈಗಲೂ ನೆನೆಯುತ್ತೇನೆ.

ಆ ದುರಸ್ತಿಗಾಗಿ ನಾನು ತೂಗಿ ನೋಡಿದ ದಾರಿಗಳನ್ನೂ, ಅವುಗಳಲ್ಲಿ ಒಂದನ್ನು ಆರಿಸಿ ಉಳಿದವನ್ನು ಬಿಟ್ಟದ್ದಕ್ಕೆ ಕಾರಣಗಳನ್ನೂ ಇಲ್ಲಿ ವಿವರಿಸುತ್ತಿದ್ದೇನೆ. ನೆಲದ ಹಲಗೆಯ ಕೆಳಗೆ, ಚಾಸಿಯ (ವಾಹನದ ಅಡಿಯ ಉಕ್ಕಿನ ಚೌಕಟ್ಟಿನ) ಪಕ್ಕದಲ್ಲಿ ಅಥವಾ ಹಿಂಬದಿಯಲ್ಲಿ ತೂಗುಬಿದ್ದ ಟ್ಯಾಂಕುಗಳಿಗೆ ಈ ಹೋಲಿಕೆ ಅನ್ವಯಿಸುತ್ತದೆ. ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟ ಟ್ಯಾಂಕುಗಳ ಸಮಸ್ಯೆ ಬೇರೆ. ಅಲ್ಲಿ ಸೋರಿಕೆಯಿಂದ ಮೆತ್ತಗಾದ ಪ್ಲೈವುಡ್ ಬದಲಿಸಿದರೆ ಬಹುಪಾಲು ಕೆಲಸ ಮುಗಿಯುತ್ತದೆ.

ಮೊದಲು ಭಾರದ ಲೆಕ್ಕ

ನೀರು ಲೀಟರಿಗೆ ಒಂದು ಕಿಲೋ ತೂಗುತ್ತದೆ. ಅಮೆರಿಕದ ಒಂದು ಗ್ಯಾಲನ್ ಎಂದರೆ 3.785 ಲೀಟರ್; ಆದ್ದರಿಂದ 40 ಗ್ಯಾಲನ್ನಿನ ಟ್ಯಾಂಕು ತುಂಬಿದಾಗ ಅದರಲ್ಲಿರುವ ನೀರಿನ ತೂಕ ಸುಮಾರು 150 ಕಿಲೋ. ಹದಿನೈದು ಲೀಟರಿನ ಹತ್ತು ಕೊಡಗಳನ್ನು ಸಾಲಾಗಿ ಜೋಡಿಸಿ ನೆಲದ ಕೆಳಗೆ ತೂಗುಹಾಕಿದಂತೆ ಎಂದು ಭಾವಿಸಿದರೆ ಅದರ ಗಾತ್ರ ಮನಸ್ಸಿಗೆ ಬರುತ್ತದೆ. 60 ಗ್ಯಾಲನ್ ಆದರೆ 227 ಕಿಲೋ. ಈಚಿನ ವರ್ಷಗಳ ಮೋಟಾರ್‌ಹೋಮ್‌ಗಳಲ್ಲಿ ಹೊರಬಹುದಾದ ಸಾಮಾನಿನ ತೂಕವನ್ನು ತಿಳಿಸುವ ಸ್ಟಿಕರ್ ಬಾಗಿಲ ಬಳಿ ಇರುತ್ತದೆ. ತುಂಬಿದ ನೀರಿನ ತೂಕ ಎಷ್ಟೆಂಬುದನ್ನೂ ಅದರಲ್ಲೇ ಮುದ್ರಿಸಿರುತ್ತಾರೆ. ದುರಸ್ತಿಗೆ ಕೈಹಾಕುವ ಮೊದಲು ಆ ಅಂಕಿಯನ್ನು ಬರೆದಿಟ್ಟುಕೊಳ್ಳಿರಿ.

ಇದು ನಿಂತ ನೀರಿನ ತೂಕ. ಗುಂಡಿಯಲ್ಲಿ ಚಕ್ರ ಇಳಿದೆದ್ದಾಗ ಆಧಾರಗಳ ಮೇಲೆ ಬೀಳುವ ಹೊಡೆತ ಇದರ ಎರಡು ಮೂರು ಪಟ್ಟು ಆಗಬಹುದು. ನಾನು ಮೂರು ಪಟ್ಟು ಎಂದೇ ಹಿಡಿದು ಲೆಕ್ಕ ಹಾಕಿದ್ದೇನೆ. ಜೋರಾಗಿ ಬ್ರೇಕ್ ಹಾಕಿದಾಗ ನಿಂತ ತೂಕದ ಅರ್ಧದಷ್ಟು ಬಲ ಮುಂದಕ್ಕೆ ನೂಕುತ್ತದೆ. ಟ್ಯಾಂಕು ಅರ್ಧ ತುಂಬಿದ್ದರೆ ಭಾರ ಕಡಿಮೆಯಾದರೂ ನೀರು ಹಿಂದೆ ಮುಂದೆ ಅಪ್ಪಳಿಸಿ ಆಧಾರದ ತುದಿಗಳನ್ನು ಅಲುಗಾಡಿಸುತ್ತದೆ. ಕೆಳಗಿನಿಂದ ಎತ್ತಿ ಹಿಡಿದರೆ ಸಾಲದು, ಮುಂದೆ ಹಿಂದೆ ಜಾರದಂತೆ ತಡೆಯಲೂ ಬೇಕು ಎಂಬುದನ್ನು ಹಲವರು ಮರೆಯುತ್ತಾರೆ. ಪ್ರತಿ ಆಧಾರದ ಆಯ್ಕೆಯಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಟ್ಯಾಂಕಿನ ಭಾರ ಯಾವ ದಾರಿಯಿಂದ ಚಾಸಿಗೆ ಸೇರುತ್ತದೆ, ಆ ದಾರಿಯಲ್ಲಿ ತೀರ ಬಡವಾದ ಕೊಂಡಿ ಯಾವುದು?

ನಮ್ಮ ವಾಹನದಲ್ಲಿ ಆ ಬಡ ಕೊಂಡಿ ಕಬ್ಬಿಣಕ್ಕಿಂತ ಮೊದಲು ಮರವಾಗಿತ್ತು. ತಯಾರಕರು ಆ್ಯಂಗಲ್‌ಗಳ ತುದಿಯನ್ನು ಚಾಸಿಗೆ ಸೇರಿಸದೆ ನೆಲದ ಮರದ ಚೌಕಟ್ಟಿಗೆ ತಿರುಪು ಹಾಕಿ ಬಿಟ್ಟಿದ್ದರು. ವರ್ಷಗಟ್ಟಲೆ ಅಲ್ಪಸ್ವಲ್ಪ ಸೋರಿದ ನೀರು ಆ ಮರವನ್ನು ನೆನೆಸಿತ್ತು, ನೆನೆದ ಮರ ತಿರುಪನ್ನು ಬಿಟ್ಟುಕೊಟ್ಟಿತ್ತು. ಕುಟುಂಬ ಸಮೇತ ಪ್ರಯಾಣಿಸುವ ವಾಹನದಲ್ಲಿ ನೂರೈವತ್ತು ಕಿಲೋವನ್ನು ಮರದ ತಿರುಪುಗಳಿಗೆ ನೇತುಹಾಕುವುದು ಸರಿಯಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಏನೂ ಬದಲಿಸದೆ ಕಡಿಮೆ ನೀರು ಒಯ್ಯುವುದು

ಇದೂ ಒಂದು ಆಯ್ಕೆಯೇ, ಖರ್ಚಿಲ್ಲದ ಆಯ್ಕೆ. ಯಾವಾಗಲೂ ನಲ್ಲಿ ಸಂಪರ್ಕವಿರುವ ಕ್ಯಾಂಪ್‌ಗ್ರೌಂಡುಗಳಲ್ಲೇ ತಂಗುವವರು ದಾರಿಖರ್ಚಿಗೆ ಮೂವತ್ತು ನಲವತ್ತು ಲೀಟರ್ ಇಟ್ಟುಕೊಂಡು, ತಲುಪಿದ ಮೇಲೆ ನಲ್ಲಿಯಿಂದಲೇ ನೀರು ಬಳಸಬಹುದು. ಆಧಾರಗಳು ಸ್ವಲ್ಪವೇ ಬಾಗಿದ್ದು ತುದಿಗಳು ಗಟ್ಟಿಯಾಗಿದ್ದರೆ ಒಂದು ಋತುವನ್ನು ಹೀಗೆ ಕಳೆಯಬಹುದು.

ಮರುಭೂಮಿಯಲ್ಲಿ ತಂಗುವವರಿಗೆ ಇದು ಒದಗುವುದಿಲ್ಲ. ಅರಿಜೋನಾದ ಕ್ವಾರ್ಟ್ಸ್‌ಸೈಟ್ ಬಳಿಯ ಲಾ ಪೋಸಾ ಬಯಲಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಸರ್ಕಾರಿ ಜಮೀನಿನಲ್ಲಿ ದೀರ್ಘಾವಧಿ ಬಿಡಾರ ಹೂಡಲು ಅವಕಾಶವಿದೆ. ಆದರೆ ನಿಂತ ಜಾಗಕ್ಕೆ ನಲ್ಲಿ ಬರುವುದಿಲ್ಲ. ನೀರು ತುಂಬಿಸುವ ಕಡೆಗೆ ಹೋಗಿ ತುಂಬಿಸಿಕೊಂಡು, ತುಂಬಿದ ಟ್ಯಾಂಕಿನೊಂದಿಗೆ ಒರಟು ದಾರಿಯಲ್ಲಿ ಮರಳಬೇಕು. ಆಧಾರಗಳಿಗೆ ಅತ್ಯಂತ ಕಠಿಣ ಪರೀಕ್ಷೆ ಅದೇ.

ಲೋಹದ ಪಟ್ಟಿಗಳು

ಜೋತುಬಿದ್ದ ಟ್ಯಾಂಕನ್ನು ಕಂಡೊಡನೆ ಎಲ್ಲರಿಗೂ ಮೊದಲು ಹೊಳೆಯುವುದು ಪಟ್ಟಿ ಕಟ್ಟುವ ಯೋಚನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಲಾಗಿ ತೂತುಗಳಿರುವ ತೆಳು ತಗಡಿನ ಸುರುಳಿ ಸಿಗುತ್ತದೆ. ಅದು ಗೋಡೆಗೆ, ಸೂರಿಗೆ ನೀರಿನ ಪೈಪುಗಳನ್ನು ಹಿಡಿದಿಡಲು ಮಾಡಿದ ವಸ್ತು. ಕಂಪಿಸುವ ವಾಹನದಲ್ಲಿ ಅದು ತೂತಿನ ಅಂಚಿನಲ್ಲೇ ಬಿರುಕು ಬಿಟ್ಟು ತುಂಡಾಗುತ್ತದೆ. ಟ್ಯಾಂಕಿಗೆ ಅದನ್ನು ಯಾರೂ ಬಳಸಬಾರದು.

ದಪ್ಪ ಪಟ್ಟಿಯ ಮಾತು ಬೇರೆ. 38 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಸಾಧಾರಣ ಉಕ್ಕಿನ ಪಟ್ಟಿಯನ್ನು ನೇರವಾಗಿ ಎಳೆದರೆ ಎರಡೂವರೆ ಟನ್ನಿಗೂ ಅದು ಜಗ್ಗುವುದಿಲ್ಲ. ಅದನ್ನೇ ಟ್ಯಾಂಕಿನ ಅಡಿಯಲ್ಲಿ ಅಡ್ಡ ಮಲಗಿಸಿದರೆ ತೊಲೆಯಾಗಿ ಅದಕ್ಕೆ ಏನೂ ಬಲವಿಲ್ಲ. ಕೈಯಲ್ಲಿ ಹಿಡಿದರೂ ಬಾಗುತ್ತದೆ. ಪಟ್ಟಿ ಹಗ್ಗದಂತೆ ಕೆಲಸ ಮಾಡುತ್ತದೆ, ಹಗ್ಗ ಭಾರ ಹೊರಬೇಕಾದರೆ ಜೋಲಬೇಕು. 90 ಸೆಂಟಿಮೀಟರ್ ಅಂತರದಲ್ಲಿ 75 ಕಿಲೋ ಹೊರುವ ಪಟ್ಟಿ ನಡುವೆ ಒಂದು ಇಂಚು ಮಾತ್ರ ಜೋತಿದೆ ಎಂದಿಟ್ಟುಕೊಂಡರೆ, ಅದರ ತುದಿಗಳನ್ನು ಒಳಕ್ಕೆ ಎಳೆಯುವ ಬಲ ಸುಮಾರು 330 ಕಿಲೋ ಆಗುತ್ತದೆ. ಹೊತ್ತ ಭಾರದ ನಾಲ್ಕರಷ್ಟಕ್ಕೂ ಹೆಚ್ಚು! ಬಿಗಿಯಾಗಿ ಕಟ್ಟಿದಷ್ಟೂ ಈ ಎಳೆತ ಏರುತ್ತದೆ. ಅದಕ್ಕೇ ಪಟ್ಟಿ ತುಂಡಾಗುವ ಮೊದಲು ಅದನ್ನು ಹಿಡಿದ ತಿರುಪು ಕಿತ್ತುಬರುತ್ತದೆ.

ಟ್ಯಾಂಕಿನ ಎರಡು ಬದಿಗಳಿಂದ ನೇರ ಕೆಳಗಿಳಿದು ತಳವನ್ನು ಬಳಸುವ ಯು ಆಕಾರದ ಪಟ್ಟಿಯಲ್ಲಿ ಈ ಎಳೆತ ಕಡಿಮೆ, ಆದರೆ ಆಗ ಭಾರವೆಲ್ಲ ಟ್ಯಾಂಕಿನ ಕೆಳ ಮೂಲೆಗಳ ಮೇಲೆ ಕೂರುತ್ತದೆ. ಟ್ಯಾಂಕು ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನದು. ಸತತ ಒತ್ತಡದಲ್ಲಿ ನಿಧಾನವಾಗಿ ಸರಿದು ಆಕಾರ ಕಳೆದುಕೊಳ್ಳುವುದು ಆ ಪ್ಲಾಸ್ಟಿಕ್ಕಿನ ಸ್ವಭಾವ. ಬಿಸಿಲಿನ ಊರಿನಲ್ಲಿ ಇನ್ನೂ ಬೇಗ. ಹೀಗಾಗಿ ಪಟ್ಟಿಯನ್ನು ನಾನು ಎರಡು ಸಂದರ್ಭಗಳಲ್ಲಿ ಮಾತ್ರ ಒಪ್ಪುತ್ತೇನೆ. ಅಡಿಯಲ್ಲಿ ಬೇರೆ ಗಟ್ಟಿ ಆಧಾರವಿದ್ದು, ಟ್ಯಾಂಕು ಮೇಲಕ್ಕೆ ನೆಗೆಯದಂತೆ, ಹಿಂದೆ ಮುಂದೆ ಜಾರದಂತೆ ಹಿಡಿಯಲು ಅದು ಒಳ್ಳೆಯದು. ಇನ್ನೊಂದು, ದಾರಿಯಲ್ಲಿ ಕೆಟ್ಟಾಗ ಮನೆ ತಲುಪುವವರೆಗೆ: ನೀರನ್ನು ಪೂರ್ತಿ ಬಸಿದು, ಲಾರಿಯ ಸಾಮಾನು ಬಿಗಿಯುವ ಎರಡು ರಾಚೆಟ್ ಪಟ್ಟಿಗಳನ್ನು ಚಾಸಿಗೆ ಸುತ್ತಿ, ತಳಕ್ಕೆ ಹಲಗೆಯೊಂದನ್ನು ಕೊಟ್ಟು ಕಟ್ಟಿದರೆ ಸಾಕು. ನಾವು ಮನೆಗೆ ಬಂದದ್ದು ಹಾಗೆಯೇ.

ಆ್ಯಂಗಲ್ ಬದಲು ಆ್ಯಂಗಲ್, ಅಥವಾ ಚೌಕ ಪೈಪು

ನಿಜವಾದ ಆಯ್ಕೆ ಇರುವುದು ಇಲ್ಲಿ, ಆದ್ದರಿಂದ ಅಂಕಿಗಳನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು. 150 ಕಿಲೋ ಟ್ಯಾಂಕು ಎರಡು ಅಡ್ಡತೊಲೆಗಳ ಮೇಲೆ ಕುಳಿತಿದೆ, ಒಂದೊಂದು ತೊಲೆಯನ್ನೂ ಹಿಡಿದ ಎರಡು ತುದಿಗಳ ನಡುವಿನ ಅಂತರ 90 ಸೆಂಟಿಮೀಟರ್, ಭಾರ ಉದ್ದಕ್ಕೂ ಸಮನಾಗಿ ಹಂಚಿದೆ ಎಂದಿಟ್ಟುಕೊಳ್ಳೋಣ. ಸಾಧಾರಣ ಉಕ್ಕು ಮಿಲಿಮೀಟರ್ ಚದರಕ್ಕೆ ಸುಮಾರು 250 ನ್ಯೂಟನ್ ಒತ್ತಡ ಮುಟ್ಟಿದಾಗ ಮತ್ತೆ ನೇರವಾಗದಂತೆ ಬಾಗುತ್ತದೆ.

ಹಳೆಯ ವಾಹನದಲ್ಲಿದ್ದಂತಹ 25 ಮಿಲಿಮೀಟರ್ ಬದಿಯ, 3 ಮಿಲಿಮೀಟರ್ ದಪ್ಪದ ಆ್ಯಂಗಲ್‌ನಲ್ಲಿ ನಿಂತ ಭಾರಕ್ಕೇ ಒತ್ತಡ 178ರ ಹತ್ತಿರ ಬರುತ್ತದೆ. ಗುಂಡಿಯ ಹೊಡೆತಕ್ಕೆ ಮೂರು ಪಟ್ಟು ಹಿಡಿದರೆ 500 ದಾಟುತ್ತದೆ; ಅಂದರೆ ಅದು ಬಾಗಿದ್ದು ದುರದೃಷ್ಟದಿಂದಲ್ಲ, ಬಾಗಲೇಬೇಕಿತ್ತು. 38 ಮಿಲಿಮೀಟರ್ ಬದಿಯ ಅದೇ ದಪ್ಪದ ಆ್ಯಂಗಲ್ ಹಾಕಿದರೆ ನಿಂತ ಭಾರಕ್ಕೆ 74, ಹೊಡೆತಕ್ಕೆ 220ರ ಆಸುಪಾಸು. ಅಂಚಿನಲ್ಲಿ ಉಳಿಯುತ್ತದೆ, ನೆಮ್ಮದಿಯಿಂದ ಅಲ್ಲ. ಇನ್ನು 38 ಮಿಲಿಮೀಟರಿನ ಚೌಕ ಪೈಪು, ಗೋಡೆ 3 ಮಿಲಿಮೀಟರ್: ನಿಂತ ಭಾರಕ್ಕೆ ಕೇವಲ 18, ಹೊಡೆತಕ್ಕೆ 55. ಅಮೆರಿಕದ ಅಂಗಡಿಗಳಲ್ಲಿ ಇದನ್ನು ಒಂದೂವರೆ ಇಂಚಿನ 11 ಗೇಜ್ ಪೈಪು ಎಂದು ಕೇಳಬೇಕು.

ತೂಕದ ಬೆಲೆ ಹೆಚ್ಚೇನಲ್ಲ. ಮೀಟರಿಗೆ 38ರ ಆ್ಯಂಗಲ್ 1.7 ಕಿಲೋ, ಪೈಪು 3.3 ಕಿಲೋ, ತೂಕ ಇಮ್ಮಡಿಯಾಗುವ ಮೊದಲೇ ಬಲ ನಾಲ್ಕು ಪಟ್ಟಾಗುತ್ತದೆ. ಬಾಗುವಿಕೆಯಲ್ಲಿಯೂ ಇದೇ ಕಥೆ: ನಿಂತ ಭಾರಕ್ಕೆ 25ರ ಆ್ಯಂಗಲ್ ನಡುವೆ ಸುಮಾರು 4 ಮಿಲಿಮೀಟರ್ ತಗ್ಗಿದರೆ, ಪೈಪು ಅರ್ಧ ಮಿಲಿಮೀಟರನ್ನೂ ತಲುಪುವುದಿಲ್ಲ. ಇದರ ಮೇಲೆ ಆ್ಯಂಗಲ್‌ಗೆ ಇನ್ನೊಂದು ಕೊರತೆಯಿದೆ. ಅದು ತೆರೆದ ಆಕಾರವಾದ್ದರಿಂದ ಒಂದು ಮಗ್ಗುಲಿನ ಮೇಲೆ ಭಾರ ಬಿದ್ದಾಗ ತಿರುಚಿಕೊಳ್ಳುತ್ತದೆ. ತಿರುಚಿದ ಮೇಲೆ ಟ್ಯಾಂಕಿಗೆ ತಾಗುವುದು ಅದರ ಅಂಚು, ಆ ಅಂಚು ಪ್ಲಾಸ್ಟಿಕ್ಕನ್ನು ಕೊರೆಯುತ್ತದೆ. ಮುಚ್ಚಿದ ಆಕಾರದ ಪೈಪು ತಿರುಚುವುದಿಲ್ಲವೆಂದೇ ಹೇಳಬಹುದು.

ರಸ್ತೆಗೂ ಟ್ಯಾಂಕಿಗೂ ನಡುವೆ ಜಾಗ ತೀರ ಕಡಿಮೆಯಿದ್ದು, ಪೈಪಿನ ಒಂದೂವರೆ ಇಂಚು ಎತ್ತರವನ್ನು ಬಿಟ್ಟುಕೊಡಲಾಗದ ವಾಹನಗಳಲ್ಲಿ ಮಾತ್ರ ಆ್ಯಂಗಲ್‌ಗೆ ಮರಳಬಹುದು. ಆಗಲೂ ಎರಡರ ಬದಲು ನಾಲ್ಕು ಹಾಕಿರಿ. ಭಾರ ಹಂಚಿಕೆಯಾಗುವುದಲ್ಲದೆ ಟ್ಯಾಂಕಿನ ತಳ ನಡುವೆ ಜೋಲುವ ಅಂತರವೂ ಕಿರಿದಾಗುತ್ತದೆ.

ವೆಲ್ಡಿಂಗ್ ಬೇಡವೆನ್ನುವವರಿಗೆ ಯೂನಿಸ್ಟ್ರಟ್ ಎಂಬ ಹೆಸರಿನಲ್ಲಿ ಸಿಗುವ ಸೀಳು ಚಾನೆಲ್ ಇದೆ. ಅದರ 41 ಮಿಲಿಮೀಟರ್ ಗಾತ್ರ ಚೌಕ ಪೈಪಿಗಿಂತ ಸ್ವಲ್ಪ ಕಡಿಮೆ ಬಲದ್ದು, ಆ್ಯಂಗಲ್‌ಗಿಂತ ಬಹಳ ಮೇಲು. ಅದಕ್ಕೆಂದೇ ಮಾಡಿದ ನಟ್ಟುಗಳು ಸೀಳಿನೊಳಗೆ ಬೇಕಾದಲ್ಲಿಗೆ ಜಾರುವುದರಿಂದ ಅಳತೆ ಹೊಂದಿಸುವುದು ಸುಲಭ. ಸಾಮಾನ್ಯ ಉಪಕರಣಗಳಷ್ಟೇ ಇರುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಅಲ್ಯುಮಿನಿಯಂ ಹಗುರವೆಂದು ಆಸೆಪಡುವವರು, ಅದೇ ಅಳತೆಯಲ್ಲಿ ಅದು ಉಕ್ಕಿನ ಮೂರು ಪಟ್ಟು ಬಾಗುತ್ತದೆ ಮತ್ತು ಉಕ್ಕಿಗೆ ನೇರವಾಗಿ ತಾಗಿದಲ್ಲಿ ಒದ್ದೆಯಾದಾಗ ಕೊರೆದುಹೋಗುತ್ತದೆ ಎಂಬುದನ್ನು ನೆನಪಿಡಬೇಕು.

ತುದಿಗಳು: ಬೋಲ್ಟೋ, ವೆಲ್ಡಿಂಗೋ?

ತೊಲೆ ಎಷ್ಟು ಗಟ್ಟಿಯಿದ್ದರೂ ತುದಿ ಸಡಿಲವಾದರೆ ಪ್ರಯೋಜನವಿಲ್ಲ. ಒಳ್ಳೆಯ ವೆಲ್ಡರ್ ಕೈಗೆ ಸಿಕ್ಕರೆ ವೆಲ್ಡಿಂಗ್ ಚೊಕ್ಕಟವಾದ ಕೆಲಸ. ಅಲ್ಲಾಡುವ ಭಾಗವೇ ಇರುವುದಿಲ್ಲ. ಆದರೆ ಮೋಟಾರ್‌ಹೋಮ್‌ನ ಅಡಿ ಬೆಂಕಿಗೆ ಸಲ್ಲುವ ಜಾಗವಲ್ಲ. ಮೇಲೆ ಪ್ಲೈವುಡ್ಡೂ ಫೋಮೂ ಇವೆ, ಪಕ್ಕದಲ್ಲಿ ಅಡುಗೆ ಅನಿಲದ ಪೈಪು ಹಾದುಹೋಗಿರುತ್ತದೆ, ಟ್ಯಾಂಕಿನ ಪ್ಲಾಸ್ಟಿಕ್ 130 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುತ್ತದೆ. ವೆಲ್ಡಿಂಗ್ ಮಾಡಿಸುವುದಾದರೆ ಟ್ಯಾಂಕನ್ನು ಇಳಿಸಿಯೇ ಮಾಡಿಸಬೇಕು, ಬ್ಯಾಟರಿಗಳ ಸಂಪರ್ಕ ತೆಗೆಯಬೇಕು, ಅನಿಲದ ಸಿಲಿಂಡರ್ ಮುಚ್ಚಬೇಕು, ಸತುವಿನ ಲೇಪ ಇರುವ ಕಬ್ಬಿಣವಾದರೆ ಲೇಪವನ್ನು ಉಜ್ಜಿ ತೆಗೆಯಬೇಕು. ಆ ಲೇಪದ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ.

ನಾನು ಬೋಲ್ಟುಗಳನ್ನು ಆರಿಸಿಕೊಂಡೆ. ಎಂಟನೆಯ ಮೂರು (3/8) ಇಂಚಿನ, ಗ್ರೇಡ್ 5 ದರ್ಜೆಯ ಒಂದೇ ಬೋಲ್ಟು ಎರಡು ಟನ್ನಿಗೂ ಹೆಚ್ಚು ಎಳೆತವನ್ನು ತಡೆಯುತ್ತದೆ, ನಮ್ಮ ತೊಲೆಯ ಒಂದು ತುದಿಗೆ ಬರುವ ಹೊಡೆತ ಸುಮಾರು 110 ಕಿಲೋ. ಆದ್ದರಿಂದ ಬೋಲ್ಟಿನ ಬಲದ ಬಗ್ಗೆ ಚಿಂತೆ ಬೇಡ. ಅದು ಕೂರುವ ತಗಡಿನ ಬಗ್ಗೆ ಚಿಂತಿಸಬೇಕು. ಹಿಂದೊಂದು ಮುಂದೊಂದು ದಪ್ಪ ವಾಷರ್, ನೈಲಾನ್ ಒಳಸುತ್ತಿನ ನಟ್, ಸಾಧ್ಯವಾದಲ್ಲಿ ಹಿಂಬದಿಗೆ ಸಣ್ಣ ಉಕ್ಕಿನ ಫಲಕ. ನೆನಪಿಡಬೇಕಾದ ಕಟ್ಟುನಿಟ್ಟಿನ ಮಾತೊಂದಿದೆ: ಚಾಸಿಯ ಉದ್ದತೊಲೆಗಳ ಮೇಲಂಚು ಕೆಳಂಚುಗಳಲ್ಲಿ ರಂಧ್ರ ಕೊರೆಯಬಾರದು, ವೆಲ್ಡಿಂಗ್ ಕೂಡ ಮಾಡಬಾರದು. ಚಾಸಿಯ ಬಲವೆಲ್ಲ ಆ ಅಂಚುಗಳಲ್ಲಿದೆ, ಅಲ್ಲಿನ ರಂಧ್ರದಿಂದ ಬಿರುಕು ಹುಟ್ಟುತ್ತದೆ. ನಡುವಿನ ಲಂಬ ಭಾಗದಲ್ಲಿ ಈಗಾಗಲೇ ಇರುವ ರಂಧ್ರಗಳನ್ನು ಹುಡುಕಿ ಬಳಸಿಕೊಳ್ಳಿರಿ, ಇಲ್ಲದಿದ್ದರೆ ಉದ್ದತೊಲೆಯನ್ನು ಸುತ್ತಿ ಹಿಡಿಯುವ ಕ್ಲಾಂಪ್ ಹಾಕಿರಿ.

ಚೌಕ ಪೈಪಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಬೋಲ್ಟು ಹಾಯಿಸುವವರು ಒಳಗೆ ಗಟ್ಟಿ ಬುಷ್ (ಬೋಲ್ಟು ಹಾದುಹೋಗುವ ಸಣ್ಣ ಕೊಳವೆ) ಒಂದನ್ನು ತೂರಿಸಬೇಕು. ಹಾಗೆ ಮಾಡದೆ ನಟ್ ಬಿಗಿದರೆ ಪೈಪಿನ ಗೋಡೆಗಳು ಒಳಕ್ಕೆ ಚಪ್ಪಟೆಯಾಗುತ್ತವೆ, ಬಿಗಿ ಎಂದೂ ನಿಲ್ಲುವುದಿಲ್ಲ. ನಾನು ಮೊದಲ ತುದಿಯನ್ನು ಬುಷ್ ಇಲ್ಲದೆ ಬಿಗಿದು, ಅದು ತಗ್ಗಿದ್ದನ್ನು ಕಂಡು ಪೈಪಿನ ಆ ತುಂಡನ್ನೇ ಎಸೆದು ಹೊಸದು ಕತ್ತರಿಸಬೇಕಾಯಿತು. ಪೈಪಿನ ಬಾಯಿಗಳನ್ನು ಮುಚ್ಚಿ, ಕೆಳಮೈಯಲ್ಲಿ ಒಂದು ಸಣ್ಣ ತೂತು ಬಿಡಿರಿ. ಒಳಗೆ ನಿಂತ ನೀರು ಕಣ್ಣಿಗೆ ಕಾಣದ ತುಕ್ಕಿಗೆ ಕಾರಣವಾಗುತ್ತದೆ. ಬಣ್ಣದ ವಿಷಯದಲ್ಲಿ ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೈ, ಮೇಲೆ ಎನಾಮೆಲ್ ಎರಡು ಕೈ ಸಾಕು.

ತೊಲೆಗೂ ಟ್ಯಾಂಕಿಗೂ ನಡುವೆ

ಅಡ್ಡತೊಲೆಗಳಷ್ಟನ್ನೇ ಹಾಕುವುದೋ, ಅವುಗಳ ಮೇಲೆ ಪೂರ್ತಿ ತಳಹಲಗೆ ಕೊಡುವುದೋ ಎಂಬುದು ಉಳಿದ ಪ್ರಶ್ನೆ. ಎರಡೇ ತೊಲೆಗಳಿದ್ದರೆ ನಡುವಿನ ಪ್ಲಾಸ್ಟಿಕ್ ತಾನೇ ತೊಲೆಯಾಗಬೇಕಾಗುತ್ತದೆ, ಆ ಕೆಲಸ ಅದಕ್ಕೆ ಒಗ್ಗುವುದಿಲ್ಲ. ಜೋಲಿದ ತಳದಲ್ಲಿ ಗಸಿ ನಿಲ್ಲುತ್ತದೆ, ಬಸಿಯುವ ಕೊಳವೆಯ ಜೋಡಣೆಗೆ ಎಳೆತ ಬೀಳುತ್ತದೆ. ನಾನು ಮೂರು ಪೈಪುಗಳ ಮೇಲೆ ಅರ್ಧ ಇಂಚಿನ ಹೊರಾಂಗಣ ಪ್ಲೈವುಡ್ ಹಾಸಿ, ಅಂಚುಗಳಿಗೂ ಸೇರಿಸಿ ಎಲ್ಲ ಕಡೆ ಬಣ್ಣ ಬಳಿದು, ನೀರು ಇಳಿದುಹೋಗಲು ಆರು ರಂಧ್ರ ಕೊರೆದೆ. ಗಟ್ಟಿ ಪ್ಲಾಸ್ಟಿಕ್ ಹಲಗೆ ಸಿಕ್ಕರೆ ಇನ್ನೂ ಉತ್ತಮ, ಅದು ನೆನೆಯುವುದಿಲ್ಲ, ಬೆಲೆ ಮಾತ್ರ ಹೆಚ್ಚು. ಹಲಗೆಯ ಮೇಲೆ ತೆಳು ರಬ್ಬರ್ ಹಾಸು ಇರಲಿ.

ಟ್ಯಾಂಕನ್ನು ನಾಲ್ಕು ಕಡೆಯಿಂದ ಬಿಗಿಯಾಗಿ ಒತ್ತಿ ಹಿಡಿಯುವ ಆಸೆ ಬೇಡ. ಚಳಿಗಾಲದ ರಾತ್ರಿಯ 5 ಡಿಗ್ರಿಯಿಂದ ಬೇಸಿಗೆಯ 45 ಡಿಗ್ರಿಗೆ ಹೋಗುವಾಗ ಪಾಲಿಎಥಿಲೀನ್ ಮೀಟರಿಗೆ 4ರಿಂದ 8 ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕು ಅರ್ಧ ಮಿಲಿಮೀಟರ್. ಮುಂದೆ ಹಿಂದೆ ತಡೆಯುವ ಆ್ಯಂಗಲ್ ತುಂಡುಗಳಿಗೂ ಟ್ಯಾಂಕಿಗೂ ನಡುವೆ ಬೆರಳ ದಪ್ಪದ ಮೆತ್ತನೆಯ ರಬ್ಬರ್ ಕೊಟ್ಟರೆ ಹಿಗ್ಗಲು ಎಡೆ ಸಿಗುತ್ತದೆ, ಅಪ್ಪಳಿಸುವುದೂ ತಪ್ಪುತ್ತದೆ.

ಆಧಾರ ಗಟ್ಟಿಯಾಯಿತೆಂದು ದೊಡ್ಡ ಟ್ಯಾಂಕು ಕೂರಿಸಲು ಮನಸ್ಸಾಗುವುದು ಸಹಜ, ಆದರೆ ಟ್ಯಾಂಕು ಹಿಂದಿನ ಆಕ್ಸಲ್‌ನ ಆಚೆಗಿದ್ದರೆ ಎಚ್ಚರ ಬೇಕು. ಆಕ್ಸಲ್‌ಗಳ ನಡುವೆ 4 ಮೀಟರ್ ಇರುವ ವಾಹನದಲ್ಲಿ, ಹಿಂದಿನ ಆಕ್ಸಲ್‌ನಿಂದ ಒಂದೂವರೆ ಮೀಟರ್ ಹಿಂದೆ ನೇತ 150 ಕಿಲೋ ಮುಂದಿನ ಚಕ್ರಗಳಿಂದ 56 ಕಿಲೋ ಭಾರವನ್ನು ಎತ್ತಿಬಿಡುತ್ತದೆ, ಹಿಂದಿನ ಚಕ್ರಗಳಿಗೆ 206 ಕಿಲೋ ಹೊರಿಸುತ್ತದೆ. ಸ್ಟೀರಿಂಗ್ ಹಗುರಾದಂತೆ ಅನಿಸಿದರೆ ಅದು ಸುಖವಲ್ಲ, ಅಪಾಯದ ಸೂಚನೆ.

ಕೆಲಸದ ದಿನ

ಟ್ಯಾಂಕನ್ನು ಪೂರ್ತಿ ಬಸಿದ ಮೇಲೆಯೇ ಕೆಳಗೆ ನುಸುಳಿರಿ, ಚಕ್ರಗಳಿಗೆ ಅಡ್ಡಕಟ್ಟೆ ಕೊಡಿರಿ, ಬರಿಯ ಜಾಕಿನ ಮೇಲೆ ನಿಂತ ವಾಹನದ ಅಡಿಗೆ ಯಾವ ಕಾರಣಕ್ಕೂ ಹೋಗಬೇಡಿರಿ. ಹಳೆಯ ಆಧಾರ ಬಿಚ್ಚುವ ಮೊದಲು ಟ್ಯಾಂಕಿನ ಅಡಿಗೆ ಹಲಗೆಯಿಟ್ಟು ಟ್ರಾಲಿ ಜಾಕಿನಿಂದ ತಾಗಿಸಿ ಹಿಡಿಯಬೇಕು. ಬರಿದಾದ ಟ್ಯಾಂಕನ್ನು ಇಬ್ಬರು ಸುಲಭವಾಗಿ ಇಳಿಸಬಹುದು. ಅಡಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿರುವ ವಾಹನಗಳಲ್ಲಿ ಹಾಳೆ ಉಬ್ಬಿರುವುದೇ ಟ್ಯಾಂಕು ಜೋತಿದೆ ಎಂಬುದರ ಗುರುತು.

ಹೊಸ ಆಧಾರ ಕೂರಿಸಿದ ಮೇಲೆ ನಾವು ಖಾಲಿ ಟ್ಯಾಂಕಿನಲ್ಲಿ ತಳಹಲಗೆಯಿಂದ ನೆಲದ ಹಲಗೆಯವರೆಗಿನ ಅಂತರವನ್ನು ನಾಲ್ಕು ಮೂಲೆ ಮತ್ತು ನಡುವೆ ಅಳೆದು, ಪ್ರತಿ ಅಂಕಿಯನ್ನೂ ಆಯಾ ಜಾಗದ ಪಕ್ಕದಲ್ಲೇ ಮಾರ್ಕರಿನಿಂದ ಬರೆದೆವು. ಪ್ರತಿ ನಟ್ಟಿನಿಂದ ಚಾಸಿಯ ಮೇಲಕ್ಕೆ ಬಿಳಿ ಬಣ್ಣದ ಗೆರೆಯೊಂದನ್ನು ಎಳೆದೆವು. ನಟ್ ಸ್ವಲ್ಪ ತಿರುಗಿದರೂ ಗೆರೆ ಒಡೆದು ಕಾಣುತ್ತದೆ. ಟ್ಯಾಂಕು ತುಂಬಿಸಿ ಒಂದು ರಾತ್ರಿ ಬಿಟ್ಟು ಅಳೆದಾಗ ನಡುವಿನ ಅಂತರ ಒಂದು ಮಿಲಿಮೀಟರಿನಷ್ಟು ಹೆಚ್ಚಿತ್ತು. ಅದೇ ಜಲ್ಲಿ ರಸ್ತೆಯಲ್ಲಿ ತುಂಬಿದ ಟ್ಯಾಂಕಿನೊಡನೆ ಹೋಗಿ ಬಂದು ಮತ್ತೆ ಮಲಗಿ ನೋಡಿದಾಗ ಹನ್ನೆರಡು ಗೆರೆಗಳಲ್ಲಿ ಹನ್ನೊಂದು ನೇರವಾಗಿದ್ದವು, ಒಂದು ಕೂದಲೆಳೆಯಷ್ಟು ಸರಿದಿತ್ತು. ಆ ನಟ್ಟನ್ನು ಬಿಗಿದು, ಹಳೆಯ ಗೆರೆ ಒರೆಸಿ, ಹೊಸ ಗೆರೆ ಎಳೆದೆ.